ಹಿಂಗಾಲಿಗೊಂದು ಕೂಗು

ಬಾಯಿಂದ ಹೊರಬಿದ್ದ ಮೇಲೆಯೇ ರಿತ್ಸುಕೊಗೆ ಗೊತ್ತಾದದ್ದು, ಕೂಗಿದವಳು ತಾನೇ ಅಂತ.

"ಅಕಾನೆಯಾ!"

ಮೂರನೇ ಮಹಡಿಯ ಕೊನೇ ಸಾಲಿನಿಂದ ಹಾರಿದ ಆ ಕೂಗು ನೆಟ್ಟಗೆ ರಂಗಕ್ಕೆ ಹೋಗಿ ಬಡಿಯಿತು. ಕೆಳಗಿದ್ದ ತಲೆಗಳೆಲ್ಲ ಒಮ್ಮೆಗೇ ಹಿಂದಕ್ಕೆ ತಿರುಗಿದವು. ಹೆಂಗಸಿನ ದನಿ! ಯಾರೋ ಕಿಸಕ್ಕೆಂದರು. ಆಮೇಲೆ ಸಾಲಿಗೆ ಸಾಲೇ ನಕ್ಕಿತು.

ಕಬುಕಿ ನಟನ ಮನೆತನದ ಹೆಸರು ಹಿಡಿದು ಕೂಗುವುದು ಬೆರಳೆಣಿಕೆಯ ಮುದುಕರ ಕೆಲಸ. ನಟ ಕಾಲೂರಿ, ಕತ್ತು ಹೊರಳಿಸಿ, ಕಣ್ಣು ಕೆಕ್ಕರಿಸಿ ಭಂಗಿ ಹಿಡಿದು ನಿಲ್ಲುತ್ತಾನಲ್ಲ, ಆ ಒಂದು ಉಸಿರಿನ ಬಿಡುವಿನಲ್ಲಿ ಕೂಗು ಬೀಳಬೇಕು. ಮುಂಚೆ ಬಿದ್ದರೂ ಕೆಟ್ಟಿತು, ತಡವಾದರೂ ಕೆಟ್ಟಿತು. ಹೆಂಗಸರು ಕೂಗಬಾರದು ಅಂತ ಎಲ್ಲಿಯೂ ಬರೆದಿಟ್ಟಿಲ್ಲ, ಕೂಗುವುದಿಲ್ಲ, ಅಷ್ಟೆ. ಇವಳ ಕೂಗೋ, ಕುದುರೆಯ ಮೇಲೆ ಕೂತಿದ್ದ ಮುಖ್ಯ ನಟ, ಅಕಾನೆಯಾ ಮನೆತನದ ರಾಂಜಾಕು ಗುರುಗಳು ಇನ್ನೂ ತಲೆ ಎತ್ತುವ ಮೊದಲೇ ಬಿದ್ದಿತ್ತು, ಊಟ ಬಡಿಸುವ ಮೊದಲೇ ತೇಗಿದ ಹಾಗೆ. ಗುರುಗಳು ಭಂಗಿಯನ್ನೇನೋ ಹಿಡಿದರು. ಆದರೆ ಹಲ್ಲು ಕಿಸಿಯುತ್ತಿರುವ ಜನರ ಮುಂದೆ ಕಣ್ಣು ಕೆಕ್ಕರಿಸಿದರೆ ವೀರರಸ ಎಲ್ಲಿಂದ ಬರಬೇಕು?

ಪಕ್ಕದಲ್ಲಿ ಕೂತಿದ್ದ ಅಪ್ಪ ಜಿನ್‌ಪಾಚಿ ತಲೆ ತಗ್ಗಿಸಿದರು. ಜೀವಮಾನವೆಲ್ಲ ಇದೇ ಸಾಲಿನಿಂದ ಕೂಗಿದ ಗಂಟಲು ಅವರದು. ಬೇಸಿಗೆಯಲ್ಲಿ ಆಪರೇಷನ್ ಆದಮೇಲೆ ಆ ಗಂಟಲಿನಿಂದ ಬರುವುದು ಉಪ್ಪುಕಾಗದ ಉಜ್ಜಿದಂಥ ಸದ್ದು ಮಾತ್ರ. ಆದರೂ ಕೂಗುವವರ ಸಂಘ ಹಳೇ ಮರ್ಯಾದೆಗೆ ಅವರ ಪಾಸನ್ನು ಉಳಿಸಿಕೊಟ್ಟಿತ್ತು. ಡಿಸೆಂಬರ್ ಬಂದು, ಕ್ಯೋಟೊದ ರಂಗಮಂದಿರದ ಹೊರಗೆ ನಟರ ಹೆಸರು ಬರೆದ ಹಲಗೆಗಳು ಏರಿದವೆಂದರೆ ಸಾಕು, ಮುದುಕರಿಗೆ ಮೈಯಲ್ಲಿ ಹೊಸ ರಕ್ತ ಬರುತ್ತಿತ್ತು. ಕೂಗಲು ಆಗದಿದ್ದರೇನು, ಆ ಹೊತ್ತು ಬಂದಾಗ ಬಾಯಿ ತೆರೆದು ಮುಚ್ಚಿ ಸಮಾಧಾನ ಮಾಡಿಕೊಳ್ಳುತ್ತಿದ್ದರು.

ಆಟ ಬಿಟ್ಟಾಗ ಸಂಘದ ಹಿರಿಯರು ಮೆಟ್ಟಿಲ ಹತ್ತಿರ ಕಾದಿದ್ದರು. ಬೈಯಲಿಲ್ಲ. ನಗುನಗುತ್ತ ಹವೆಯ ಮಾತಾಡಿದರು, ಚಳಿ ಈ ವರ್ಷ ಬೇಗ ಬಂತೆಂದರು, ಹಾಗೇ ಪಾಸನ್ನು ಇಸಿದುಕೊಂಡರು. ಮಗಳು ಹೋಗಿ ಗುರುಗಳ ಕ್ಷಮೆ ಕೇಳಲಿ, ಅವರು ಆಗಲಿ ಅಂದರೆ ವಾಪಸ್ಸು ಕೊಡೋಣ ಎಂದರು. ಕ್ಯೋಟೊದವರು ನಗುತ್ತ ಕೊಟ್ಟ ಏಟಿಗೆ ಬಾವು ಬರುವುದಿಲ್ಲ, ನೋವು ಮಾತ್ರ ವಾರಗಟ್ಟಲೆ ಇರುತ್ತದೆ.

ಸೇತುವೆಯ ಮೇಲೆ ನದಿಯ ಗಾಳಿ ಕಿವಿ ಕತ್ತರಿಸುತ್ತಿತ್ತು. ಅಪ್ಪ ಬೈದುಬಿಟ್ಟಿದ್ದರೆ ರಿತ್ಸುಕೊಗೆ ಹಗುರವಾಗುತ್ತಿತ್ತು. ಮನೆಯ ತಿರುವಿಗೆ ಬಂದಾಗ ನಿಂತು, ಆ ಉಜ್ಜಿದ ದನಿಯಲ್ಲಿ ಹೇಳಿದರು.

"ಹೊತ್ತು ತಪ್ಪಿರ್ಲಿಲ್ಲ ರಿತ್ಸು. ನೀನು ಕೂಗಿದ್ದು ಮೇಲೆ ಕೂತೋರಿಗಲ್ಲ, ಅಲ್ವಾ?"

ಅವಳು ಬೀಗದ ಕೈ ಹುಡುಕುವವಳಂತೆ ಚೀಲಕ್ಕೆ ಕೈ ಹಾಕಿದಳು. ಬಾಗಿಲಿಗೆ ಬೀಗವೇ ಹಾಕಿರಲಿಲ್ಲ.

ಅಪ್ಪ ಹೇಳಿದ್ದು ನಿಜ. ಅವಳು ಕೂಗಿದ್ದು ಕುದುರೆಗೆ. ಸರಿಯಾಗಿ ಹೇಳಬೇಕೆಂದರೆ ಕುದುರೆಯ ಹಿಂಗಾಲಿಗೆ.

ರಂಗದ ಕುದುರೆಯೆಂದರೆ ಮಖಮಲ್ಲಿನ ಚರ್ಮದೊಳಗೆ ಇಬ್ಬರು ಗಂಡಸರು. ಮುಂಗಾಲು ಕೊಹಾಚಿ, ಮಾತಿನ ಮಲ್ಲ, ಕುದುರೆಯ ಕತ್ತಿನ ಬಲೆಯಿಂದ ಅವನಿಗೆ ಹೊರಗಿನದೆಲ್ಲ ಕಾಣುತ್ತದೆ. ಹಿಂಗಾಲು ತೋಕಿಜಿ. ಅವನು ಬಗ್ಗಿ, ಮುಂದಿನವನ ಸೊಂಟ ಹಿಡಿದು, ಗುರುಗಳ ಭಾರವನ್ನು ಬೆನ್ನ ಮೇಲೆ ಹೊತ್ತು ಕತ್ತಲೆಯಲ್ಲಿ ನಡೆಯಬೇಕು. ನಟರ ಮನೆಯಲ್ಲಿ ಹುಟ್ಟಿದವನಲ್ಲ, ಉತ್ತರದ ಕಡಲ ದಂಡೆಯ ಮೀನುಗಾರರ ಮಗ. ಯಾವುದೋ ಶಾಲಾ ಪ್ರವಾಸದಲ್ಲಿ ಒಂದು ಆಟ ನೋಡಿ ತಲೆ ಕೆಡಿಸಿಕೊಂಡು ಬಂದು ಗುರುಗಳ ಕಾಲಿಗೆ ಬಿದ್ದು, ಶಿಷ್ಯನಾಗಿ ಅದೇ ಅಕಾನೆಯಾ ಹೆಸರು ಪಡೆದವನು. ವರ್ಷಗಳೇ ಕಳೆದವು, ಪ್ರೇಕ್ಷಕರು ಅವನ ಮುಖ ನೋಡಿದ್ದಕ್ಕಿಂತ ಕುದುರೆಯ ಬಾಲ ನೋಡಿದ್ದೇ ಹೆಚ್ಚು.

ರಿತ್ಸುಕೊ ಮಾತ್ರ ಮೊದಲು ನೋಡಿದ್ದು ಅವನ ಪಾದ. ಅವಳದು ತಾಬಿ ಹೊಲಿಯುವ ಅಂಗಡಿ. ಹೆಬ್ಬೆರಳಿಗೆ ಬೇರೆ ಗೂಡು ಬಿಟ್ಟ ಆ ಬಟ್ಟೆಯ ಕಾಲುಚೀಲವನ್ನು ಅಳತೆ ಸರಿಯಾಗದೆ ನಟರು ಹಾಕುವುದಿಲ್ಲ. ಪ್ರತಿ ಡಿಸೆಂಬರಿನಲ್ಲಿ ತಂಡ ಊರಿಗೆ ಬಂದಾಗ ತೋಕಿಜಿ ಅಂಗಡಿಯ ಚಾಪೆಯ ಮೇಲೆ ಕೂತು ಕಾಲು ಚಾಚುತ್ತಿದ್ದ. ಅವಳು ಕಾಗದದ ಪಟ್ಟಿ ಸುತ್ತಿ ಅಳೆಯುತ್ತಿದ್ದಳು. ಮೊದಲ ವರ್ಷ ಅವನು ನಾಚಿ ಬೆರಳು ಮಡಚಿಕೊಂಡಿದ್ದ.

ಎರಡನೇ ಬೆರಳು ಹೆಬ್ಬೆರಳಿಗಿಂತ ಉದ್ದ ಇರುವವರು ಅಪ್ಪನನ್ನು ಮೀರಿಸುತ್ತಾರಂತೆ ಎಂದು ಅವಳು ಛೇಡಿಸಿದ್ದಳು.

"ಮೀರ್ಸಿದ್ದೀನಲ್ಲ. ನಮ್ಮಪ್ಪ ಬರೀ ದೋಣಿ ಹೊಡೀತಾನೆ. ನಾನು ಕುದುರೆನೇ ಆಗ್ಬಿಟ್ಟಿದ್ದೀನಿ."

ಹಾಗೆಂದು ಅವನು ನಕ್ಕಾಗ ಕೆಳಗಿನ ತುಟಿ ಒಂದು ಕಡೆಗೆ ಜಾರಿತ್ತು. ಅವಳ ಕೈಲಿದ್ದ ಪಟ್ಟಿಯೂ ಜಾರಿತು. ಮತ್ತೆ ಅಳೆಯಬೇಕಾಯಿತು. ಅಲ್ಲಿಂದಾಚೆಗೆ ಪ್ರತಿ ವರ್ಷ ಅವಳು ಎರಡೆರಡು ಸಲ ಅಳೆಯುತ್ತಿದ್ದಳು, ಅವನೂ ಯಾಕೆಂದು ಕೇಳುತ್ತಿರಲಿಲ್ಲ. ಅಳೆಯುವಾಗ ಅವಳು ತಲೆ ಎತ್ತುತ್ತಿರಲಿಲ್ಲ. ಆದರೆ ಅವನು ನೋಡುತ್ತಿದ್ದಾನೆಂದು ಬೈತಲೆಗೇ ಬಿಸಿ ತಾಗುತ್ತಿತ್ತು. ಹೆಚ್ಚಿನದೇನೂ ಇಬ್ಬರ ಬಾಯಿಂದಲೂ ಬಂದಿರಲಿಲ್ಲ. ತಿಂಗಳು ಮುಗಿದರೆ ತಂಡ ಹೊರಡುತ್ತಿತ್ತು, ಅವಳು ಹನ್ನೊಂದು ತಿಂಗಳು ಊರವರ ಕಾಲು ಅಳೆಯುತ್ತಿದ್ದಳು.

ಹೀಗಾಗಿ ಇಡೀ ರಂಗಮಂದಿರ ಗುರುಗಳ ಮುಖ ನೋಡುತ್ತಿದ್ದಾಗ ಅವಳ ಕಣ್ಣು ಹಿಂಗಾಲಿನ ಮೇಲಿತ್ತು. ಪ್ರೇಕ್ಷಕರ ನಡುವೆ ಹಾಯುವ ಹೂದಾರಿಯ ಮೇಲೆ ಕುದುರೆ ಬಂತು, ತಿರುಗಿತು, ಎಡಗಾಲು ಇದ್ದಕ್ಕಿದ್ದಂತೆ ಮಡಚಿಕೊಂಡಿತು. ಹಿಂಭಾಗ ಕುಸಿಯಿತು. ಜನ ಕುದುರೆಯ ಚೆಲ್ಲಾಟವೆಂದು ಖುಷಿಪಟ್ಟರು. ಅವಳಿಗೆ ಮಾತ್ರ ಅದು ಆಟವಲ್ಲವೆಂದು ಗೊತ್ತಾಯಿತು. ಗುರುಗಳು ಉರುಳುತ್ತಾರೆ, ಆ ಭಾರವೆಲ್ಲ ಅವನ ಮೇಲೆ ಬೀಳುತ್ತದೆ. ಮರುಕ್ಷಣ ಕುದುರೆ ಎದ್ದು ನಿಂತಿತ್ತು, ಅವಳು ಕೂಗಿಬಿಟ್ಟಿದ್ದಳು.

*

ಮಾರನೇ ದಿನ ಮುಸ್ಸಂಜೆಗೆ ತೋಕಿಜಿ ಅಂಗಡಿಗೆ ಬಂದ. ಹೊಸಿಲು ದಾಟುವಾಗ ಎಡಗಾಲನ್ನು ಎಷ್ಟು ಜಾಣತನದಿಂದ ಎತ್ತಿಟ್ಟನೆಂದರೆ, ಬೇರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅಪ್ಪ ಇದ್ದಕ್ಕಿದ್ದಂತೆ ತಮಗೆ ಸ್ನಾನದ ನೀರು ಕಾಯಿಸುವುದಿದೆಯೆಂದು ಒಳಗೆ ಹೋದರು.

ಅವಳು ಚಹಾ ಇಟ್ಟಳು. ಅವನು ಕುಡಿಯಲಿಲ್ಲ. ಡ್ರೆಸ್ಸಿಂಗ್ ರೂಮಿನಲ್ಲಿ ಕೊಹಾಚಿ ತನ್ನನ್ನು ಕಂಡಾಗಲೆಲ್ಲ ಹೆಣ್ಣುದನಿಯಲ್ಲಿ ಅಕಾನೆಯಾ ಅಂತ ರಾಗ ಎಳೆಯುತ್ತಿದ್ದಾನೆಂದು ಹೇಳಿ ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು.

"ನೀವು ನೋಡಿದ್ರಿ, ಅಲ್ವಾ?" ಎಂದ.

"ನೋಡ್ದೆ."

"ಬೇರೆ ಯಾರಿಗೂ ಗೊತ್ತಿಲ್ಲ. ಕುದುರೆ ಕುಣೀತು ಅಂದ್ಕೊಂಡಿದ್ದಾರೆ. ಮೊಣಕಾಲು ಹೋಗಿದೆ ಅಂತ ಗುರುಗಳಿಗೆ ತಿಳಿದ್ರೆ ನಾಳೆನೇ ನನ್ನ ಇಳಿಸ್ತಾರೆ. ಅವರ ಜೀವ ನನ್ನ ಬೆನ್ನ ಮೇಲಿರುತ್ತೆ, ಇಳಿಸ್ಲೇಬೇಕು. ಕುದುರೆ ಇಲ್ಲ ಅಂದ್ರೆ ನನಗೆ ತಂಡದಲ್ಲಿ ಏನು ಕೆಲಸ? ಊರಿಗೆ ಹೋಗಿ ಬಲೆ ಎಳೀಬೇಕು."

ಅವಳು ಅಳತೆಯ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಗುರುಗಳು ನಿಮ್ಮನ್ನ ಕೇಳ್ತಾರೆ, ಯಾರಿಗೆ ಕೂಗಿದ್ದು ಅಂತ. ಗುರುಗಳಿಗೇ ಅಂದ್ಬಿಡಿ. ಅಭಿಮಾನ ತಡೀಲಾರದೆ ಬಾಯಿ ಜಾರ್ತು ಅನ್ನಿ. ಅವರಿಗೂ ಸಂತೋಷ, ನಿಮ್ಮಪ್ಪನ ಪಾಸೂ ಬರುತ್ತೆ. ಹೇಳ್ತೀರಾ?"

ಹೇಳುತ್ತೇನೆಂದು ಅವಳು ತಲೆಯಾಡಿಸಿದಳು. ಅವನು ಸೊಂಟ ಬಗ್ಗಿಸಿ ವಂದಿಸಿ ಹೋದ. ಚಹಾ ಹಾಗೇ ತಣ್ಣಗಾಯಿತು.

ಅವನು ಹೋದಮೇಲೆ ಶುರುವಾಯಿತು ನೋಡಿ ಅವಳ ಒದ್ದಾಟ. ಕೂತಲ್ಲಿ ಕೂರಲಾರಳು, ನಿಂತಲ್ಲಿ ನಿಲ್ಲಲಾರಳು. ಆ ಮನುಷ್ಯ ಬಂದ, ಪಾಠ ಒಪ್ಪಿಸಿದ ಹಾಗೆ ತನ್ನ ಸುಳ್ಳನ್ನು ಅವಳಿಗೆ ಒಪ್ಪಿಸಿದ, ಹೋದ. ಯಾಕೆ ಕೂಗಿದಿರಿ ಅಂತ ಒಂದು ಮಾತು ಕೇಳಬಾರದಿತ್ತೇ? ಊರೆಲ್ಲ ಕೇಳುತ್ತಿದೆ, ಮೀನಿನಂಗಡಿಯವಳು ಕೇಳಿದಳು, ಸ್ನಾನದ ಮನೆಯ ಮುದುಕಿ ಕೇಳಿದಳು. ಕೇಳಬೇಕಾದವನೊಬ್ಬ ಕೇಳಲಿಲ್ಲ. ಅವನಿಗೆ ಅಷ್ಟೂ ತಿಳಿಯದೆ? ತಿಳಿದೂ ಬೇಡವಾಯಿತೆ? ಹೀಗೆ ಯೋಚಿಸುತ್ತ ಹೊಲಿದ ತಾಬಿಯ ಜೋಡಿಯನ್ನು ಎತ್ತಿ ನೋಡಿದರೆ ಎರಡೂ ಎಡಗಾಲಿನವೇ ಆಗಿದ್ದವು. ಬಿಚ್ಚಿ ಮತ್ತೆ ಹೊಲಿದಳು. ಮಧ್ಯಾಹ್ನ ರಂಗಮಂದಿರದ ಕಡೆಯಿಂದ ನಗಾರಿ ಕೇಳಿದಾಗ ಈಗ ಕುದುರೆ ಬಂತು, ಈಗ ತಿರುಗಿತು ಎಂದು ಲೆಕ್ಕ ಹಾಕುತ್ತ ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡಳು. ಇವತ್ತು ಬಿದ್ದನೋ? ಬಿದ್ದಿದ್ದರೆ ಆಂಬುಲೆನ್ಸ್ ಸದ್ದು ಕೇಳಬೇಕಿತ್ತು. ಕೇಳಲಿಲ್ಲ. ನಾಳೆ?

ಸುಳ್ಳು ಹೇಳಿದರೆ ಅವನು ಕುದುರೆಯೊಳಗೆ ಉಳಿಯುತ್ತಾನೆ, ಎಂದಾದರೊಮ್ಮೆ ಆ ಕಾಲು ಪೂರ್ತಿ ಹೋಗುತ್ತದೆ. ನಿಜ ಹೇಳಿದರೆ ಅವನ ಅನ್ನ ಹೋಗುತ್ತದೆ, ಅವನೂ ಹೋಗುತ್ತಾನೆ. ಅಪ್ಪ ಮಾತ್ರ ಏನೂ ಕೇಳದೆ, ನಗಾರಿಯ ಹೊತ್ತಿಗೆ ಕಿಟಕಿಯ ಬಳಿ ಹೋಗಿ ಕೂರುತ್ತಿದ್ದರು. ಆ ಹೊತ್ತು ಬಂದಾಗ ಬಾಯಿ ತೆರೆದು ಮುಚ್ಚುತ್ತಿದ್ದರು. ಅವಳು ಮುಖ ತಿರುಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದಳು.

*

ಗುರುಗಳು ಬರಹೇಳಿ ಕಳಿಸಿದ್ದು ಗುರುವಾರ, ಎರಡು ಆಟಗಳ ನಡುವಿನ ಬಿಡುವಿನಲ್ಲಿ. ಅವಳು ಬೂದುಬಣ್ಣದ ಕಿಮೊನೊ ಉಟ್ಟು, ಒಳ್ಳೇ ಅಂಗಡಿಯ ಸಿಹಿಯ ಡಬ್ಬಿಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹಿಂಬಾಗಿಲಿನಿಂದ ಹೋದಳು. ಅಪ್ಪನೂ ಬರುತ್ತೇನೆಂದರು. ಬೇಡವೆಂದಳು.

ಡ್ರೆಸ್ಸಿಂಗ್ ರೂಮಿನ ತುಂಬ ಬಣ್ಣಕ್ಕೆ ಮುಂಚೆ ಹಚ್ಚುವ ಮೇಣದೆಣ್ಣೆಯ ವಾಸನೆ. ರಾಂಜಾಕು ಗುರುಗಳು ಕನ್ನಡಿಯ ಮುಂದೆ ಅರ್ಧ ಮುಖಕ್ಕೆ ಬಿಳಿ ಬಳಿದುಕೊಂಡು ಕೂತಿದ್ದರು. ಆ ಬಿಳಿಯ ಅರ್ಧಕ್ಕೆ ವಯಸ್ಸೇ ಇರಲಿಲ್ಲ, ಉಳಿದರ್ಧ ಸುಸ್ತಾದ ಅರವತ್ತರ ಮುಖ. ಟೋಪನ್ ಬಾಚುವವನೊಬ್ಬ, ಉಡುಪಿನವರಿಬ್ಬರು, ಬಾಗಿಲಿಗೆ ಒರಗಿ ತಮಾಷೆಗೆ ಕಾದಿದ್ದ ಕೊಹಾಚಿ. ಮೂಲೆಯಲ್ಲಿ ತೋಕಿಜಿ ಮಂಡಿಯೂರಿ ಗುರುಗಳ ನಿಲುವಂಗಿ ಮಡಿಸುತ್ತಿದ್ದ. ಅವನು ಮಂಡಿಯೂರಿದ್ದು ಬಲಗಾಲಿನ ಮೇಲೆ.

ಅವಳು ಹಣೆ ಚಾಪೆಗೆ ತಾಗುವಷ್ಟು ಬಗ್ಗಿ, ತನ್ನಿಂದ ಆಟ ಕೆಟ್ಟಿತು, ತಪ್ಪಾಯಿತು ಎಂದಳು. ಅಪ್ಪನ ತಪ್ಪೇನಿಲ್ಲ ಎಂದಳು. ಗುರುಗಳು ಕನ್ನಡಿಯಲ್ಲೇ ಅವಳನ್ನು ನೋಡಿದರು.

"ಜಿನ್‌ಪಾಚಿ ಮಗಳು. ಹೊತ್ತು ಯಾವುದು ಅಂತ ಹಾಲು ಕುಡಿಯೋ ವಯಸ್ಸಿಂದ ಕೇಳಿದೋಳು. ಬಾಯಿ ಜಾರ್ತು ಅಂದ್ರೆ ನಾನು ನಂಬಲ್ಲ. ಯಾರಿಗಮ್ಮ ಕೂಗಿದ್ದು?"

ಮೂಲೆಯಲ್ಲಿ ನಿಲುವಂಗಿ ಮಡಿಸುವ ಸದ್ದು ನಿಂತಿತು.

ತಮಗೇ ಗುರುಗಳೇ, ಅನ್ನಬೇಕಿತ್ತು. ನಾಲಿಗೆಯ ಮೇಲೆ ಇತ್ತು ಮಾತು, ಅಷ್ಟು ಸಲ ಬಾಯಿಪಾಠ ಮಾಡಿದ್ದಳು. ಆದರೆ ಅವಳಿಗೆ ಸಾಕಾಗಿಹೋಗಿತ್ತು. ನಾಲ್ಕು ಚಳಿಗಾಲ ಪಾದ ಅಳೆದದ್ದು ಸಾಕಾಗಿತ್ತು, ತಲೆ ಎತ್ತದೆ ಇದ್ದದ್ದು ಸಾಕಾಗಿತ್ತು. ಮೊಣಕಾಲಿನ ಮಾತು ಅವನದು, ಅದನ್ನು ಹೇಳುವ ಹಕ್ಕು ತನಗಿಲ್ಲ. ಈ ಇನ್ನೊಂದು ಮಾತು ತನ್ನದೇ ಅಲ್ಲವೇ, ಇದನ್ನು ಹೇಳಲು ಯಾರ ಅಪ್ಪಣೆ ಬೇಕು?

"ಹಿಂಗಾಲಿಗೆ," ಎಂದಳು.

ಕೊಹಾಚಿಯ ಬಾಯಿಂದ ಹೊರಟ ನಗು ಗುರುಗಳ ಮುಖ ನೋಡಿ ಹಾಗೇ ಒಳಗೆ ಹೋಯಿತು.

"ಏನಂದೆ?"

"ಕುದುರೆ ಹಿಂಗಾಲಿಗೆ ಕೂಗ್ದೆ ಗುರುಗಳೇ. ತೋಕಿಜಿ ಅವರಂದ್ರೆ ನನಗಿಷ್ಟ. ತುಂಬಾ ಇಷ್ಟ. ಆವತ್ತು ಅವರನ್ನ ನೋಡ್ತಾ ನೋಡ್ತಾ ನೀವು ಮೇಲಿದ್ದೀರಿ ಅನ್ನೋದೇ ಮರ್ತುಹೋಯ್ತು. ಬೇರೆ ಏನೂ ಕಾರಣ ಇಲ್ಲ. ಅವರಿಗೆ ಇದು ಗೊತ್ತೂ ಇಲ್ಲ."

ಕಿವಿಯಿಂದ ಕತ್ತಿನವರೆಗೆ ಉರಿ ಹತ್ತಿತು. ರಂಗದ ದೊಡ್ಡ ನಟನ ಮುಂದೆ ಕೂತು, ನೀವಿದ್ದದ್ದೇ ಮರೆತೆ ಅಂದವರು ಆ ಕೋಣೆಯ ಇತಿಹಾಸದಲ್ಲೇ ಇರಲಿಕ್ಕಿಲ್ಲ. ಈಗ ಗುರುಗಳು ಸಿಹಿಯ ಡಬ್ಬಿಯನ್ನು ಕಾಲಿನಲ್ಲಿ ತಳ್ಳುತ್ತಾರೆ, ಅಪ್ಪನ ಪಾಸು ನೀರುಪಾಲು ಎಂದುಕೊಂಡಳು. ಹೇಳಿದ್ದಕ್ಕೆ ಮಾತ್ರ ಒಂದಿಷ್ಟೂ ಬೇಸರವಾಗಲಿಲ್ಲ. ಎಷ್ಟೋ ದಿನದ ಮೇಲೆ ಕೈಕಾಲು ಅವಳ ಮಾತು ಕೇಳುತ್ತಿದ್ದವು.

ಗುರುಗಳು ಬಾಯಿ ತೆರೆಯುವ ಮುಂಚೆ ತೋಕಿಜಿ ಮಂಡಿಯ ಮೇಲೇ ಮುಂದಕ್ಕೆ ಸರಿದು ಬಂದು ಅವಳ ಪಕ್ಕದಲ್ಲಿ ಹಣೆ ಊರಿದ.

"ಅವರು ಪೂರ್ತಿ ಹೇಳ್ತಿಲ್ಲ ಗುರುಗಳೇ. ಆವತ್ತು ನನ್ನ ಎಡಮೊಣಕಾಲು ಸೋತುಹೋಯ್ತು. ಕುಣಿದಿದ್ದಲ್ಲ, ಬೀಳ್ತಿದ್ದೆ. ಹೋದ ವಸಂತದಿಂದ ನೋವಿದೆ, ಮುಚ್ಚಿಟ್ಟಿದ್ದೆ. ಅದನ್ನ ಹೇಳಬೇಡಿ ಅಂತ ಅವರ ಬಾಯಿ ಕಟ್ಟಿದೋನು ನಾನು. ಅದಕ್ಕೇ ಎಲ್ಲಾ ತಮ್ಮ ಮೇಲೇ ಹಾಕ್ಕೊಂಡಿದ್ದಾರೆ."

ರಿತ್ಸುಕೊ ತಲೆ ತಿರುಗಿಸಿ ಅವನನ್ನು ನೋಡಿದಳು. ಅವನ ಕಿವಿಯೂ ಕೆಂಪಾಗಿತ್ತು. ಹುಚ್ಚಪ್ಪ, ಎಂದುಕೊಂಡಳು, ನಾನು ಇಷ್ಟು ಮಾನ ಕಳೆದುಕೊಂಡು ಉಳಿಸಿದ್ದನ್ನು ಒಂದೇ ಉಸಿರಿಗೆ ಕಳೆದುಬಿಟ್ಟೆಯಲ್ಲ. ಅಳು ಬಂತು, ಅದರ ಜೊತೆಗೇ ಏನೋ ಸಂತೋಷವೂ ಬಂತು.

ಗುರುಗಳು ಬ್ರಷ್ ಕೆಳಗಿಟ್ಟರು. ಆಮೇಲೆ ಕನ್ನಡಿಗೇ ಹೇಳಿದರು.

"ನಾನು ಮೇಲೆ ಕೂತಿದ್ದೆ ಕಣೋ. ನನಗೆ ಗೊತ್ತಾಗಲ್ವಾ? ನೀನಾಗೇ ಬಂದು ಹೇಳ್ತೀಯಾ ಅಂತ ಇಷ್ಟು ದಿನ ಕಾದೆ. ಪ್ರತಿದಿನ ಹತ್ತೋವಾಗ ಕೈಯಲ್ಲಿ ಜೀವ ಹಿಡ್ಕೊಂಡು ಹತ್ತಿದೀನಿ."

ಮುಂದಿನ ಆಟದಿಂದಲೇ ಹಿಂಗಾಲಿಗೆ ಬೇರೆಯವನೆಂದು ಅವರು ಅಲ್ಲೇ ತೀರ್ಮಾನ ಮಾಡಿದರು. ತೋಕಿಜಿ ಡಾಕ್ಟರಿಗೆ ತೋರಿಸಲಿ, ಕಾಲು ನೆಟ್ಟಗಾದರೆ ಬರಲಿ, ಆಗದಿದ್ದರೆ ಬರುವುದು ಬೇಡ. ಕುಂಟುವವನಿಗೆ ತಾವು ಸುಳ್ಳು ಆಸೆ ಕೊಡುವವರಲ್ಲ. ಜಿನ್‌ಪಾಚಿಯ ಪಾಸು ಸಂಜೆಯೊಳಗೆ ಮನೆಗೆ ಬರುತ್ತದೆ, ಆ ಗಂಟಲಿನ ಋಣ ತಮ್ಮ ಮೇಲಿದೆ. ಇಷ್ಟು ಹೇಳಿ, ಉಳಿದರ್ಧ ಮುಖಕ್ಕೆ ಬಿಳಿ ಹಚ್ಚಿಕೊಳ್ಳತೊಡಗಿದರು.

"ಮತ್ತೆ ನೀನು," ಎಂದರು ಅವಳಿಗೆ. "ಪ್ರೀತಿ ಮಾಡೋದಿದ್ರೆ ನನ್ನ ಭಂಗಿ ಮುಗಿದ ಮೇಲೆ ಮಾಡು."

ಹೊರಗೆ ಇಕ್ಕಟ್ಟಾದ ಓಣಿಯಲ್ಲಿ ಅವಳು ಕಾದಳು. ತೋಕಿಜಿ ಬಂದ, ನಿಂತ. ಹೇಳಲು ಏನೋ ಬಾಯಿ ತೆರೆದ. ಅಷ್ಟರಲ್ಲಿ ಹೊಸ ಹಿಂಗಾಲಿಗೆ ಹೆಜ್ಜೆ ತೋರಿಸಲು ಬಾ ಎಂದು ಒಳಗಿನಿಂದ ಕೂಗಿದರು. ಅವನು ಬಗ್ಗಿ ವಂದಿಸಿ ಹೋಗಿಬಿಟ್ಟ. ಅವಳು ಸಿಹಿಯ ಡಬ್ಬಿ ಸುತ್ತಿದ್ದ ಖಾಲಿ ಬಟ್ಟೆಯನ್ನು ಮಡಿಸುತ್ತ ಮನೆಗೆ ಬಂದಳು. ಅಷ್ಟು ಜನರ ಮುಂದೆ ಹೇಳಿದ ಮಾತಿಗೆ ಉತ್ತರವೇ ಸಿಗಲಿಲ್ಲ. ಮತ್ತೆ ಅದೇ ಒದ್ದಾಟ, ಈ ಸಲ ಇಮ್ಮಡಿ.

*

ಮರುದಿನ ಅಪ್ಪ ಪಾಸನ್ನು ಎದೆಯ ಮಡಿಕೆಯಲ್ಲಿಟ್ಟುಕೊಂಡು ಹೊರಟರು. ಅವಳು ಬರುವುದಿಲ್ಲವೆಂದಳು. ಬಾರದೆ ಏನು ಮಾಡ್ತೀಯಾ, ಎರಡು ಎಡಗಾಲಿನ ತಾಬಿ ಹೊಲೀತೀಯಾ ಎಂದು ಅಪ್ಪ ಕೇಳಿದರು. ಹೋದಳು.

ಯುದ್ಧದ ಅಂಕ ಶುರುವಾಗುವ ಹೊತ್ತಿಗೆ ಯಾರೋ ಸಾಲಿನ ಮೊಣಕಾಲುಗಳನ್ನು ದಾಟುತ್ತ, ಕ್ಷಮಿಸಿ ಕ್ಷಮಿಸಿ ಎನ್ನುತ್ತ ಬಂದು ಅವಳ ಮಗ್ಗುಲಲ್ಲಿ ಕೂತರು. ತೋಕಿಜಿ. ಟಿಕೆಟ್ ಕೊಂಡು ಬಂದಿದ್ದ. ಅಪ್ಪ ಅವನನ್ನು ಒಮ್ಮೆ ನೋಡಿ, ಬೈನಾಕ್ಯುಲರ್ ಕಣ್ಣಿಗೇರಿಸಿಕೊಂಡು ಖಾಲಿ ರಂಗವನ್ನು ಅತಿ ಶ್ರದ್ಧೆಯಿಂದ ನೋಡತೊಡಗಿದರು.

ಹೂದಾರಿಯ ಮೇಲೆ ಕುದುರೆ ಬಂತು. ತೋಕಿಜಿಯ ಕಾಲು ತಾನಾಗಿಯೇ ನೆಲದ ಮೇಲೆ ಹೆಜ್ಜೆ ಹಾಕತೊಡಗಿತು. ಎಡ, ಬಲ, ಎಡ. ನೋವಿಗೆ ಅವನ ಹುಬ್ಬು ಗಂಟಾಯಿತು. ಅವಳು ನೋಡಿದಳು, ತಡೆದಳು, ಇನ್ನು ತಡೆಯಲಾಗದೆ ಅವನ ಮೊಣಕಾಲಿನ ಮೇಲೆ ಕೈ ಇಟ್ಟಳು. ಕಾಲು ಸುಮ್ಮನಾಯಿತು.

"ಹೊರಗಿಂದ ಇಷ್ಟು ಚೆನ್ನಾಗಿ ಕಾಣುತ್ತೆ ಅಂತ ಗೊತ್ತೇ ಇರ್ಲಿಲ್ಲ," ಎಂದ ಮೆಲ್ಲಗೆ.

"ಊರಿಗೆ ಯಾವಾಗ ಹೋಗ್ತೀರಿ?"

"ಕಾಲು ವಾಸಿಯಾಗೋವರೆಗೂ ಇಲ್ಲೇ ಇರ್ತೀನಿ. ನಿಮ್ಮ ಬೀದೀಲೇ ರೂಮು ಹಿಡಿದೆ. ಆಮೇಲೂ..." ಅವಳ ಕೈಯ ಮೇಲೆ ಅವನ ಕೈ ಬಂತು. "ಅಂಗಡೀಲಿ ಆವತ್ತು ನಾನು ಕೇಳ್ಲಿಲ್ಲ, ಯಾರಿಗೆ ಕೂಗಿದ್ದು ಅಂತ. ಕೇಳೋದೇ ಬೇಕಿರ್ಲಿಲ್ಲ. ಆಗ್ಲೇ ಗೊತ್ತಿತ್ತು."

"ಗೊತ್ತಿದ್ದೂ ಸುಳ್ಳು ಹೇಳಿ ಅಂದ್ರಾ?"

"ಹೆದರಿದ್ದೆ. ಕುದುರೆನೂ ಹೋಗಿ ನೀವೂ ಸಿಗದೆ ಹೋದ್ರೆ ಅಂತ."

ಕೆಳಗೆ ಕುದುರೆ ತಿರುಗಿತು. ಭಂಗಿಯ ಹೊತ್ತು ಸಾರುವ ಮರದ ಚಕ್ಕೆಗಳು ಪಟಪಟ ಬಡಿದವು. ಅವಳಿಗೆ ಛೇಡಿಸದೆ ಬಿಡಲು ಮನಸ್ಸಾಗಲಿಲ್ಲ. ಅಷ್ಟು ಹೆದರುವ ಮನುಷ್ಯ ಆ ಭಾರ ಹೊತ್ತು ಅದು ಹೇಗೆ ಎದ್ದಿರಿ, ಎದ್ದಿರಿ ಅಂತಲೇ ತಾನೇ ನಾನು ಮೈಮರೆತು ಕೂಗಿದ್ದು, ಎಂದಳು.

ಅವನು ರಂಗವನ್ನು ಬಿಟ್ಟು ಅವಳ ಕಡೆಗೆ ತಿರುಗಿದ.

"ಅಲ್ಲ ರಿತ್ಸುಕೊ. ಒಳಗೆ ಕತ್ತಲೆ, ಕಾಲು ಮಡಚ್ಕೊಂಡಿತ್ತು. ಸಾಕು, ಬಿದ್ದುಬಿಡೋಣ ಅಂತ ಕೈ ಸಡಿಲ ಬಿಟ್ಟಿದ್ದೆ. ಆಗ ನಿಮ್ಮ ದನಿ ಕೇಳಿಸ್ತು. ನಾನು ಎದ್ದಿದ್ದಕ್ಕೆ ನೀವು ಕೂಗಿದ್ದಲ್ಲ. ನೀವು ಕೂಗಿದ್ದಕ್ಕೆ ನಾನು ಎದ್ದಿದ್ದು."

ಗುರುಗಳು ಕತ್ತು ಹೊರಳಿಸಿ ಕಣ್ಣು ಕೆಕ್ಕರಿಸಿದರು. ಸುತ್ತಲಿನ ಮುದುಕರೆಲ್ಲ ಒಟ್ಟಿಗೆ ಕೂಗಿದರು. ಅಪ್ಪನೂ ಬಾಯಿ ತೆರೆದು ಮುಚ್ಚಿದರು. ಆ ಸಾಲಿನಲ್ಲಿ ಇಬ್ಬರು ಮಾತ್ರ ರಂಗದ ಕಡೆ ನೋಡುತ್ತಿರಲಿಲ್ಲ.